ಹಸಿ ಗೋಡೆಯ ಮೇಲೆ ಹೆಂಚು

ನಮ್ಮೂರ ಶಾಲೆಯ ಗೋಡೆ ಬಿದ್ದದ್ದು ಅದು ಹಸಿಯಾಗಿದ್ದುದರಿಂದ. ಒಣಗುವ ಮೊದಲೇ ಅದರ ತಲೆಯ ಮೇಲೆ ಹೆಂಚು ಹೊರಿಸಿದರು, ಬಿತ್ತು. ನಡೆದದ್ದು ಇಷ್ಟೇ. ಮಳೆ ಬರೀ ನೆಪ. ದೇವರಿಗೆ ನಮ್ಮೂರ ಗೋಡೆಯ ಮೇಲೆ ಯಾವ ಸಿಟ್ಟೂ ಇರಲಿಲ್ಲ. ನನ್ನ ನಾದಿನಿಯ ನಾಲಿಗೆಯ ಮೇಲೆ ಕರಿ ಮಚ್ಚೆಯೂ ಇರಲಿಲ್ಲ. ನಾನೇ ಬಾಯಿ ತೆಗೆಸಿ ನೋಡಿದ್ದೇನೆ.

ಶಾಲೆಗೆ ಐವತ್ತು ತುಂಬಿತೆಂದು ಊರಿನವರು ಈಚೆಗೆ ಒಂದು ಪುಸ್ತಕ ಮಾಡಿದ್ದಾರೆ. ಮೊಮ್ಮಗಳು ತಂದು ಓದಿ ಹೇಳಿದಳು. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿಕೊಂಡೆ. ಅಕಾಲ ಮಳೆಯಿಂದ ಗೋಡೆ ಕುಸಿಯಿತಂತೆ, ಊರ ಹಿರಿಯರು ಎದೆಗುಂದದೆ ಮತ್ತೆ ಕಟ್ಟಿದರಂತೆ. ಹಿರಿಯರು! ಕೆಸರು ತುಳಿದ ಒಬ್ಬ ಹೆಂಗಸಿನ ಕಾಲೂ ಆ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿ ಇದಾದರೆ ಜನರ ಬಾಯಲ್ಲಿ ಇನ್ನೊಂದಿದೆ. ಮದುವೆ ಮನೆಗಳಲ್ಲಿ ಎಲೆಅಡಿಕೆ ಹಾಕಿಕೊಂಡು ಈಗಲೂ ನಗುತ್ತಾರೆ: "ಆ ಮುಂಡೆ ಬೀಳುತ್ತೆ ಅಂದಳಂತೆ, ಗೋಡೆ ಬಿದ್ದೇ ಹೋಯ್ತಂತೆ." ನಾದಿನಿ ಹೋದ ವರ್ಷ ನಮ್ಮ ಮನೆಯಲ್ಲೇ ತೀರಿಕೊಂಡಳು. ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ನನಗೆ ಬರುವುದು ಮೂರನೇ ಕ್ಲಾಸಿನಷ್ಟು ಅಕ್ಷರ. ಸುಳ್ಳು ಬರೆಯಲು ಅವರಿಗೆ ಅಷ್ಟೊಂದು ಓದು ಬೇಕಾಯಿತು. ನಿಜ ಬರೆಯಲು ನನಗೆ ಇಷ್ಟು ಸಾಕು.

ಆಗ ಕೊಡಗು ತಾನೇ ಒಂದು ರಾಜ್ಯ. ಸರ್ಕಾರ ಮಡಿಕೇರಿಯಲ್ಲೇ ಕೂತಿತ್ತು. ಹೊಳೆ ದಾಟಿದರೆ ಮೈಸೂರು. ನಮ್ಮದು ಕುಶಾಲನಗರದಿಂದ ಮೂರು ಮೈಲಿ ಒಳಗೆ, ಹಾಸನದ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ಬಂದು ಕಾಡು ಕಡಿದು ರಾಗಿ ಹಾಕಿದವರ ಊರು. ನನ್ನ ಮಾವ ಮೊದಲು ಬಂದವರಲ್ಲಿ ಒಬ್ಬರು. ಅವರ ಕಸುಬು ಮಣ್ಣಿನ ಗೋಡೆ ಹಾಕುವುದು. ನಾನು ಮದುವೆಯಾಗಿ ಬಂದ ಎರಡು ವರ್ಷಕ್ಕೆ ತೀರಿಕೊಂಡರು. ಅವರ ಕಿರಿಯ ಮಗಳೇ ನನ್ನ ನಾದಿನಿ.

ನನಗಿಂತ ಎರಡು ವರ್ಷ ಚಿಕ್ಕವಳು. ಹೊಳೆಯಾಚೆ, ಗಾಡಿಯಲ್ಲಿ ಎರಡು ದಿನದ ದಾರಿಯ ಹಳ್ಳಿಗೆ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಗಂಡ ಸತ್ತ. ಅತ್ತೆ ಮನೆಯಲ್ಲಿ ಕೊಟ್ಟಿಗೆಯ ಮೂಲೆ ಕೊಟ್ಟರು, ದನದ ಪಕ್ಕ ಮಲಗಿಸಿದರು. ಒಂದು ದಿನ ಸಾರು ಉಕ್ಕಿತೆಂದು ಕಾದ ಸೌಟನ್ನು ಎಡ ಮೊಣಕೈಗೆ ಒತ್ತಿದರು. ಆ ಅಚ್ಚು ಕೊನೆಯವರೆಗೂ ಹಾಗೇ ಇತ್ತು, ಸೌಟಿನ ಅಂಚು ಕೂಡ ತಿಳಿಯುತ್ತಿತ್ತು. ನನ್ನ ಗಂಡ ಹೋಗಿ ಕರೆದುಕೊಂಡು ಬಂದರು. ಬರುವಾಗ ಅವಳ ಕೈಯಲ್ಲಿ ಇದ್ದದ್ದು ಒಂದು ಗಂಟು ಮಾತ್ರ. ಅವಳು ಅಳುವ ಪೈಕಿ ಅಲ್ಲ. ಬಂದ ಮಾರನೆಯ ದಿನವೇ ಕೊಟ್ಟಿಗೆ ಗುಡಿಸಲು ಹೊರಟಳು. "ನಿಂತ್ಕೊ, ಇಲ್ಲಿ ಆ ಕೆಲಸ ನಿನ್ನೊಬ್ಬಳದ್ದೇ ಅಲ್ಲ" ಎಂದು ಪೊರಕೆ ಕಿತ್ತುಕೊಂಡಿದ್ದೆ.

ಶಾಲೆ ಕಟ್ಟುವ ಮಾತು ಬಂದದ್ದು ಆ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ. ಮರವೂ ಹೆಂಚೂ ಸರ್ಕಾರದ್ದು. ಕಲ್ಲು, ಮಣ್ಣು, ಆಳು ಊರಿನದು. ಮನೆಗೊಬ್ಬರು ದಿನವೂ ಬರಬೇಕು. ನಮ್ಮ ಮನೆಯಿಂದ ಇಬ್ಬರು ಹೋದೆವು, ನಾನು ಮತ್ತು ನಾದಿನಿ. ನನಗೆ ಐದು ವರ್ಷದ ಮಗಳಿದ್ದಳು. ಅವಳು ದಿನಕ್ಕೆ ಆರು ಮೈಲಿ ನಡೆದು ಪೇಟೆಯ ಶಾಲೆಗೆ ಹೋಗಿಬರುವುದು ಆಗದ ಮಾತು. ಹಾಗಾಗಿ ನಾನು ಇಷ್ಟಪಟ್ಟೇ ಹೋದೆ. ನಾದಿನಿ ಹೋದದ್ದು ಮಣ್ಣಿನ ಆಸೆಗೆ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಗೋಡೆ ಕೆಲಸಕ್ಕೆ ಓಡಾಡಿ ಬೆಳೆದವಳು. ಕೆಸರು ಕಂಡರೆ ಎಮ್ಮೆಗಿಂತ ಜೋರು.

ಕೆಲಸ ನೋಡಿಕೊಳ್ಳಲು ಮಡಿಕೇರಿಯಿಂದ ಓವರ್ಸಿಯರ್ ಬರುತ್ತಿದ್ದ. ಖಾಕಿ ಚಡ್ಡಿ, ಕಾಲಿಗೆ ಮೇಜೋಡು, ಕಂಕುಳಲ್ಲಿ ಒಂದು ಹಲಗೆ. ಹಲಗೆಗೆ ಒಂದು ದೊಡ್ಡ ಹಾಳೆ ಸಿಕ್ಕಿಸಿರುತ್ತಿತ್ತು. ಹಾಳೆಯ ತುಂಬ ಚೌಕಗಳು. ಮೊದಲ ದಿನ ಪಟೇಲರ ಜಗುಲಿಯ ಮೇಲೆ ಅದನ್ನು ಹರಡಿ ಓದಿ ಹೇಳಿದ: ಜಾಗ ಅಳೆಯುವುದು ಒಂದು ಚೌಕ, ಪಾಯ ಒಂದು, ಬಾಗಿಲ ಚೌಕಟ್ಟು ಒಂದು, ಗೋಡೆ ಒಂದು, ಚಾವಣಿ ಒಂದು, ಹೆಂಚು ಒಂದು, ಸುಣ್ಣ ಒಂದು. ಒಂದೊಂದು ಮುಗಿದಾಗ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾನಂತೆ. ಎಲ್ಲ ಚೌಕಕ್ಕೂ ಗೀಟು ಬಿದ್ದರೆ ಶಾಲೆ ಮುಗಿಯಿತು. ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಪಟೇಲರು, "ನೋಡ್ರಪ್ಪ, ಇದು ಕ್ರಮ ಅಂದ್ರೆ. ನಾವು ಮನೆ ಕಟ್ಟೋದು ಒಂದು ಕಟ್ಟೋದೇ?" ಎಂದರು.

ಕಂಬದ ಹಿಂದೆ ನಿಂತಿದ್ದ ನಾದಿನಿ ನನ್ನ ಕಿವಿಯಲ್ಲಿ, "ಅತ್ತಿಗೆ, ಒಣಗಕ್ಕೆ ಚೌಕ ಎಲ್ಲೈತೆ?" ಎಂದು ಕೇಳಿದಳು.

"ಅದಕ್ಯಾಕೆ ಚೌಕ? ಬಿಸಿಲು ತಾನೇ ಒಣಗಿಸುತ್ತೆ."

"ಹಂಗಲ್ಲ. ಅಪ್ಪ ಅದನ್ನೂ ಕೆಲಸ ಅಂತಿದ್ರು."

ನನಗೆ ಆ ಹೊತ್ತಿಗೆ ಅದು ತಲೆಗೆ ಹೋಗಲಿಲ್ಲ. ಹೋಗಬೇಕಿತ್ತು.

ಜಾಗ ಆರಿಸುವುದರಲ್ಲಿ ಒಂದು ಸಣ್ಣ ಜಗಳವಾಯಿತು. ಊರಿನವರು ಹೇಳಿದ್ದು ದಿಬ್ಬದ ಮೇಲೆ. ಓವರ್ಸಿಯರನಿಗೆ ಬೇಕಾದದ್ದು ರಸ್ತೆಯ ಪಕ್ಕ, ದೊಡ್ಡ ಸಾಹೇಬರ ಜೀಪಿಗೆ ಕಾಣುವ ಹಾಗೆ. ಮಕ್ಕಳು ಕೂರುವ ಜಾಗವನ್ನು ಜೀಪು ಆರಿಸಿತು. ಆದರೂ ಪಾಯಕ್ಕೆ ಮೋಸವಾಗಲಿಲ್ಲ. ಗಂಡಸರು ಗಟ್ಟಿ ಸಿಗುವವರೆಗೂ ಅಗೆದು ಹೊಳೆಗಲ್ಲು ತುಂಬಿದರು. ಅದನ್ನು ಇಲ್ಲ ಎನ್ನುವುದಿಲ್ಲ.

ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಮುತ್ತೈದೆಯರು ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ ಪೂಜೆ ಮಾಡಿದರು. ನಾನೂ ಹಚ್ಚಿದೆ. ನಾದಿನಿ ಇಪ್ಪತ್ತು ಮಾರು ದೂರದಲ್ಲಿ ಮಣ್ಣಿನ ಗುಂಡಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ, ಅವಳೇ ಹೋಗಿ ನಿಂತಿದ್ದಳು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಗೋಡೆ ಬಿದ್ದ ಮೇಲೆ ಮೊದಲು ಅವಳು ಚೌಕಟ್ಟು ಮುಟ್ಟಿದಳೇ ಎಂದು ಹುಡುಕಿದರು. ಮುಟ್ಟಿರಲಿಲ್ಲ. ಅದು ಸಿಗದೆ ಹೋದಾಗ ಬೇರೆಯದನ್ನು ಹಿಡಿದುಕೊಂಡರು.

ಇನ್ನು ಗೋಡೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಮ್ಮಣ್ಣು ಅಗೆದು ಗುಂಡಿಗೆ ಹಾಕಿ ನೀರು ಬಿಟ್ಟು, ಹುಲ್ಲು ಕತ್ತರಿಸಿ ಸೇರಿಸಿ, ಎರಡು ದಿನ ನೆನೆಸಿ ಕಾಲಲ್ಲಿ ತುಳಿಯುವುದು. ತುಳಿಯುವವರು ಹೆಂಗಸರು. ಹಿಮ್ಮಡಿಗೆ ಕಲ್ಲು ಸಿಕ್ಕರೆ ಬಗ್ಗಿ ಎತ್ತಿ ಹೊರಗೆ ಎಸೆಯುವುದು. ಹದ ಬಂದ ಮೇಲೆ ಮುದ್ದೆ ಮಾಡಿ ಕೈಯಿಂದ ಕೈಗೆ ದಾಟಿಸುವುದು. ಗೋಡೆಯ ಮೇಲಿರುವವನು ಅದನ್ನು ಹೊಡೆದು ಕೂರಿಸುತ್ತಾನೆ. ಸುತ್ತಲೂ ಒಂದು ಮೊಳ ಎತ್ತರ ಬಂದರೆ ಒಂದು ಸುತ್ತು ಮುಗಿಯಿತು. ಆಮೇಲೆ ಕೈ ತೊಳೆದುಕೊಂಡು ಮನೆಗೆ ಹೋಗಬೇಕು. ಆ ಸುತ್ತು ಒಳಗಿನಿಂದ ಒಣಗುವವರೆಗೆ ಮುಂದಿನದು ಹಾಕುವ ಹಾಗಿಲ್ಲ. ಶಾಲೆಗೆ ಬೇಕಾದದ್ದು ಏಳು ಸುತ್ತು.

ನಮ್ಮ ಜನ ಎಡವಿದ್ದು ಇಲ್ಲಿ. ಅವರು ಬಂದ ಬಯಲುಸೀಮೆಯಲ್ಲಿ ನಾಲ್ಕು ದಿನ ಬಿಟ್ಟರೆ ಸಾಕು, ಮಣ್ಣು ಕಲ್ಲಾಗುತ್ತದೆ. ಅಪ್ಪ ಅಜ್ಜ ಎಲ್ಲರೂ ನಾಲ್ಕು ದಿನವೇ ಬಿಟ್ಟವರು. ಇಲ್ಲಿ ಹೊಳೆಯ ಮಂಜು ಬೆಳಿಗ್ಗೆ ಹತ್ತು ಗಂಟೆಯವರೆಗೂ ಎದ್ದು ಹೋಗುವುದಿಲ್ಲ. ಗೋಡೆ ಹಗಲೆಲ್ಲ ಒಣಗಿದ್ದನ್ನು ಇರುಳೆಲ್ಲ ಮತ್ತೆ ಕುಡಿಯುತ್ತದೆ. ಊರು ಬಿಟ್ಟು ಬಂದರು, ದಿನದ ಲೆಕ್ಕವನ್ನು ಮಾತ್ರ ಗಾಡಿಯಲ್ಲಿ ಹಾಕಿಕೊಂಡು ಬಂದರು. ನನ್ನ ಮಾವನೂ ಹಾಗೇ ಮಾಡಿದವರೇ. ಇಲ್ಲಿ ಅವರು ಕಟ್ಟಿದ ಮೊದಲ ಮನೆಯ ಗೋಡೆ ಅವರ ಕಣ್ಣೆದುರೇ ಕುಸಿದು ಕೂತುಬಿಟ್ಟಿತು. ಅಂದಿನಿಂದ ದಿನ ಎಣಿಸುವುದನ್ನು ಬಿಟ್ಟು ಹೆಬ್ಬೆರಳನ್ನು ನಂಬಿದರು. ಗೋಡೆಯ ಒಳಮೂಲೆಯಲ್ಲಿ ಉಗುರು ಒತ್ತಿ ನೋಡುವುದು. ಉಗುರು ಇಳಿದರೆ ಕಾಯುವುದು, ಇಳಿಯದಿದ್ದರೆ ಮುಂದಿನ ಸುತ್ತು. ಎಂಟು ದಿನವಾಗಲಿ, ಹನ್ನೊಂದಾಗಲಿ. ಆ ಹೆಬ್ಬೆರಳನ್ನು ಮಗನಿಗೆ ಕಲಿಸಲಿಲ್ಲ, ಮಗನಿಗೆ ಹೊಲದ ಮೇಲೆ ಮನಸ್ಸು. ಕಲಿತವಳು ಹಿಂದೆ ಹಿಂದೆ ಓಡಾಡುತ್ತಿದ್ದ ಮಗಳು.

ಮೊದಲ ಮೂರು ಸುತ್ತು ಸರಿಯಾಗಿಯೇ ಎದ್ದವು. ಆಗ ಓವರ್ಸಿಯರ್ ಬೇರೆ ಕಡೆ ಸೇತುವೆ ಕೆಲಸಕ್ಕೆ ಹೋಗಿದ್ದ. ಸುಗ್ಗಿಯ ಕೆಲಸವೂ ಇದ್ದುದರಿಂದ ಊರಿಗೂ ಅವಸರವಿರಲಿಲ್ಲ. ತಾನಾಗಿಯೇ ಹತ್ತು ಹತ್ತು ದಿನ ಬಿಡುವು ಬಿದ್ದಿತು. ಯಾರೂ ಬುದ್ಧಿ ಉಪಯೋಗಿಸಿದ್ದಲ್ಲ, ಪುರುಸೊತ್ತಿಲ್ಲದೆ ಒಳ್ಳೆಯದಾಯಿತು. ಅವನು ತಿರುಗಿ ಬಂದವನು ಎದೆಮಟ್ಟದ ಗೋಡೆ ನೋಡಿ ಸಿಟ್ಟಿನಲ್ಲಿ ಕುಣಿದಾಡಿದ.

"ಏನ್ರೀ ಪಟೇಲ್ರೇ, ಒಂದು ತಿಂಗಳಾಯ್ತು! ಗೋಡೆ ಚೌಕ ಇನ್ನೂ ಖಾಲಿ ಇದೆ. ಯುಗಾದಿಗೆ ದೊಡ್ಡ ಸಾಹೇಬ್ರು ಬಂದು ಬಾಗಿಲು ತೆಗೀತಾರೆ. ಆಗದಿದ್ರೆ ಹೇಳಿಬಿಡಿ, ಹೆಂಚು ಬೇರೆ ಊರಿಗೆ ಇಳಿಸ್ತೀನಿ."

ಪಟೇಲರ ಮುಖ ಇಳಿಯಿತು. "ಬೇಡ ಬೇಡ ಸ್ವಾಮಿ. ನಾಕು ದಿನಕ್ಕೊಂದು ಸುತ್ತು. ನಮ್ಮಪ್ಪನ ಕಾಲದಿಂದ ಅದೇ ಪದ್ಧತಿ."

ಹಾಗೆ ಉಳಿದ ನಾಲ್ಕು ಸುತ್ತನ್ನು ನಾಲ್ಕು ನಾಲ್ಕು ದಿನಕ್ಕೆ ಏರಿಸಿದರು. ಐದನೆಯ ಸುತ್ತಿಗೆ ಮುದ್ದೆ ದಾಟಿಸುತ್ತಿದ್ದಾಗ ನಾದಿನಿ ಗುಂಡಿಯಿಂದ ಎದ್ದು ಹೋದಳು. ಕೆಸರುಗಾಲಲ್ಲೇ ಮೂಲೆಗೆ ಹೋಗಿ ಹೆಬ್ಬೆರಳು ಒತ್ತಿದಳು. ಉಗುರೇನು, ಅರ್ಧ ಬೆರಳೇ ಇಳಿಯಿತು. ತಿರುಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಪಟೇಲಪ್ಪ, ಇದು ಒಳಗೆ ಹಸಿ ಐತೆ. ಇದರ ಮೇಲೆ ಭಾರ ಹಾಕಿದ್ರೆ ಬೀಳುತ್ತೆ."

ಮುದ್ದೆಗಳು ಕೈಯಲ್ಲೇ ನಿಂತವು. ಪಟೇಲರು ಗೋಡೆಯ ಮೇಲಿದ್ದವನನ್ನು ನೋಡಿದರು, ಓವರ್ಸಿಯರನನ್ನು ನೋಡಿದರು, ಅವಳನ್ನು ಮಾತ್ರ ನೋಡಲಿಲ್ಲ.

"ಶುಭ ನುಡಿಯೇ ಅಂದ್ರೆ ಇದೊಂದು ನುಡೀತು ನೋಡಿ," ಎಂದರು. "ಹೋಗತ್ಲಾಗೆ, ನಿನ್ನ ಕೆಲಸ ತುಳಿಯೋದು."

ಆಗ ನಾನೇನು ಮಾಡಿದೆ? ಅವಳ ಪರವಾಗಿ ನಿಂತೆನೇ? ಸೆರಗು ಹಿಡಿದು ಎಳೆದು, "ಸುಮ್ಕಿರೇ, ನಿಂಗ್ಯಾಕೆ ಬೇಕು? ಬಿದ್ರೆ ಅವರ ಗೋಡೆ ಬೀಳುತ್ತೆ" ಎಂದೆ. ಅವಳು ಗುಂಡಿಗೆ ಇಳಿದಳು. ಪಟೇಲರ ಮೇಲೆ ನನಗಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ. ಅದನ್ನು ಮುಚ್ಚಿಟ್ಟರೆ ಪುಸ್ತಕ ಮಾಡಿದವರಿಗೂ ನನಗೂ ಏನು ಭೇದ?

ಮರದ ಕೆಲಸಕ್ಕೆ ಒಬ್ಬ ಮಲಯಾಳಿ ಆಶಾರಿ ಬಂದಿದ್ದ. ಸುತ್ತಲಿನ ಎಸ್ಟೇಟುಗಳ ಕೂಲಿಯವರ ಲೈನ್‌ಮನೆಗಳಿಗೆಲ್ಲ ತೊಲೆ ಏರಿಸಿದ ಕೈ ಅವನದು. ಏಳನೆಯ ಸುತ್ತು ಮುಗಿದ ಐದನೇ ದಿನ ಅವನನ್ನು ಗೋಡೆ ಹತ್ತು ಎಂದರು. ಅವನು ಉಳಿಯ ಹಿಡಿಯಿಂದ ಗೋಡೆಯನ್ನು ಎರಡು ಕಡೆ ತಟ್ಟಿ ತಲೆ ಆಡಿಸಿದ.

"ಪಟೇಲರೇ, ಈ ಗೋಡೆ ಈಗ ತೊಟ್ಟಿಲ ಕೂಸು ಮಾದರಿ ಉಂಟು. ಕೂಸಿನ ತಲೆ ಮೇಲೆ ಯಾರಾದ್ರೂ ಮೂಟೆ ಇಡ್ತಾರಾ? ಎರಡು ವಾರ ಬಿಡಿ, ನಾನು ಊರಿಗೆ ಹೋಗಿ ಬರ್ತೇನೆ."

"ಅವನಿಗೆ ಊರಿಗೆ ಹೋಗೋ ನೆಪ ಬೇಕು" ಎಂದು ಗಂಡಸರು ನಕ್ಕರು. ಓವರ್ಸಿಯರ್ ಹಾಳೆ ತೋರಿಸಿ, "ಗೋಡೆಗೆ ಗೀಟು ಬಿದ್ದಾಯ್ತು ಮಾರಾಯ. ಗೀಟು ಬಿದ್ದ ಮೇಲೆ ಗೋಡೆ ಮುಗೀತು ಅಂತ ಅರ್ಥ" ಎಂದ. ಅವನ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಗೋಡೆ ಮುಗಿದಿದೆಯೋ ಇಲ್ಲವೋ ಗೋಡೆಯನ್ನು ಕೇಳಬೇಕಪ್ಪ, ಹಾಳೆಯನ್ನಲ್ಲ.

ತೊಲೆ ಏರಿತು, ಹೆಂಚು ಕೂರಿಸುವ ರೀಪು ಹೊಡೆದರು. ಮಂಗಳೂರು ಹೆಂಚು ಲಾರಿಯಲ್ಲಿ ಬಂದು ಇಳಿಯಿತು. ಊರೆಲ್ಲ ಸಾಲು ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿತು. ಒಂದೇ ದಿನಕ್ಕೆ ಹೊದಿಸಿ ಮುಗಿಸಿದರು. ಓವರ್ಸಿಯರ್ ಎರಡು ಚೌಕಕ್ಕೆ ಒಟ್ಟಿಗೆ ಗೀಟು ಹೊಡೆದ. ಕೆಂಪು ಹೆಂಚಿನ ಕೆಳಗೆ ಕೆಂಪು ಗೋಡೆ, ನೋಡಲು ಚೆನ್ನಾಗಿಯೇ ಇತ್ತು. ನನ್ನ ಮಗಳು ಒಳಗೆ ಓಡಿ ಹೋಗಿ, ತಾನು ಕೂರುವ ಜಾಗ ಇದು ಎಂದು ಗೋಡೆಯ ಬುಡದಲ್ಲಿ ಕೂತು ತೋರಿಸಿದಳು. ಆಮೇಲೆ ಗೋಡೆ ಬಿದ್ದ ದಿನ ಆ ಮಣ್ಣನ್ನು ನೋಡುವಾಗ ನನಗೆ ಮೊದಲು ಕಂಡದ್ದು ಆ ಜಾಗವೇ.

ಯುಗಾದಿಗೆ ಇನ್ನೂ ಐದು ದಿನವಿತ್ತು. ಮಂಗಳವಾರ ಮಧ್ಯಾಹ್ನ ಹೂಮಳೆ ಬಂತು. ಪಾಲಿಬೆಟ್ಟದ ಕಡೆಯ ಎಸ್ಟೇಟಿನವರೆಲ್ಲ ಕಾಫಿ ಹೂವಿಗಾಗಿ ಆಕಾಶ ನೋಡುತ್ತಾ ಕೂತಿರುವ ಮಳೆ ಅದು. ಪ್ರತಿ ವರ್ಷ ಆ ಹೊತ್ತಿಗೇ ಬರುತ್ತದೆ, ಆ ವರ್ಷವೂ ಬಂತು. ಅದಕ್ಕೆ ಪುಸ್ತಕದವರು ಅಕಾಲ ಎಂದು ಹೆಸರಿಟ್ಟಿದ್ದಾರೆ. ಮುಕ್ಕಾಲು ಗಂಟೆ ಮಳೆ ಹೊಡೆಯಿತು. ನಿಂತ ಮೇಲೆ ದೊಡ್ಡದೊಂದು ನಿಟ್ಟುಸಿರಿನಂಥ ಸದ್ದಾಯಿತು, ಆಮೇಲೆ ಹೆಂಚು ಒಡೆಯುವ ಸದ್ದು. ಓಡಿ ಹೋಗಿ ನೋಡಿದರೆ ಮೇಲಿನ ನಾಲ್ಕು ಸುತ್ತು ಕೂತು ಹರಡಿಕೊಂಡಿತ್ತು. ತೊಲೆಗಳು ಕಾಲು ಚಾಚಿಕೊಂಡು ಬಿದ್ದಿದ್ದವು. ಕೆಳಗಿನ ಮೂರು ಸುತ್ತು ಮಾತ್ರ ಒಂದು ಬಿರುಕೂ ಇಲ್ಲದೆ ನಿಂತಿತ್ತು.

ಮಳೆಗೆ ಒಳಗೆ ನುಗ್ಗಿದ್ದ ಪಟೇಲರ ಮೇಕೆಯೊಂದು ಸತ್ತಿತ್ತು. ಅದನ್ನು ಅಂದೇ ಮನೆಗಿಷ್ಟೆಂದು ಪಾಲು ಹಾಕಿದರು. ಗೋಡೆಯ ತಪ್ಪನ್ನು ಮಾತ್ರ ಪಾಲು ಹಾಕಲಿಲ್ಲ, ಇಡಿಯಾಗಿ ಒಬ್ಬಳ ತಲೆಗೆ ಕಟ್ಟಿದರು.

ಮಾರನೆಯ ದಿನ ಓವರ್ಸಿಯರ್ ಬಂದ. ಪಟೇಲರ ಜಗುಲಿಯಲ್ಲಿ ಊರು ಸೇರಿತು. ಹೆಂಗಸರು ಅಂಗಳದ ಬೇಲಿಯ ಹತ್ತಿರ ನಿಂತೆವು. ನಾದಿನಿಯನ್ನು ಬಾ ಎಂದು ಹೇಳಿ ಕಳಿಸಿದ್ದರು. ಅವಳು ನನ್ನ ಹಿಂದೆ ನಿಂತಿದ್ದಳು.

ಪಟೇಲರು ಗಂಟಲು ಸರಿಮಾಡಿಕೊಂಡರು. "ಪಾಯ ಗಟ್ಟಿ ಐತೆ, ಮರ ಗಟ್ಟಿ ಐತೆ, ಪೂಜೆ ಎಲ್ಲ ಕ್ರಮವಾಗಿ ಆಗೈತೆ. ಹಂಗಿದ್ದೂ ಬಿತ್ತು ಅಂದ್ರೆ ಏನು? ಐದನೇ ಸುತ್ತಿನ ದಿನ ಬೀಳುತ್ತೆ ಅಂತ ಬಾಯಿಬಿಟ್ಟು ನುಡಿದೋರು ಯಾರು? ಗಂಡನ್ನ ನುಂಗಿದ ಬಾಯಿ. ಅಂಥದ್ದು ಗೋಡೆ ಬುಡದಲ್ಲಿ ನಿಂತು ನುಡಿದ್ರೆ ಗೋಡೆ ನಿಲ್ಲುತ್ತಾ?"

ಒಬ್ಬರೂ ಅಲ್ಲ ಎನ್ನಲಿಲ್ಲ. ಓವರ್ಸಿಯರ್ ತಲೆ ತಗ್ಗಿಸಿ ಹಾಳೆಯ ಮೇಲೆ ಏನನ್ನೋ ಬರೆಯುತ್ತಿದ್ದ. ಅವನಿಗೆ ಒಳ್ಳೆಯದೇ ಆಯಿತಲ್ಲ. ಕಾಗದಕ್ಕೆ ಮಳೆ, ಊರಿಗೆ ವಿಧವೆ. ಅವನ ಹೆಸರು ಎರಡರಲ್ಲೂ ಬರಲಿಲ್ಲ.

ಪಟೇಲರು ನನ್ನ ಗಂಡನ ಕಡೆ ತಿರುಗಿದರು. "ನೋಡಪ್ಪ, ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ನಾಳೆ ಬೆಳಿಗ್ಗೆ ಗಾಡಿ ಕಟ್ಟಿ ಅವಳನ್ನ ಅವಳ ಅತ್ತೆ ಮನೆಗೆ ಬಿಟ್ಟು ಬಾ. ಕೊಟ್ಟ ಮನೆ ಅದೇ ಅಲ್ವಾ? ಅವಳು ಊರಲ್ಲಿರೋಗಂಟ ಪಾಯದ ಮೇಲೆ ಮತ್ತೆ ಮಣ್ಣು ಬೀಳಬಾರದು."

ನನ್ನ ಗಂಡ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. ಮತ್ತೆ ಸುತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ನಾಲ್ಕು ಜನ ಕೂತ ಕಡೆ ಅವರ ಬಾಯಿಗೆ ಬೀಗ. ನನ್ನ ಬೆನ್ನ ಹಿಂದೆ ನಾದಿನಿಯ ಉಸಿರು ಕೇಳುತ್ತಿತ್ತು. ಅವಳ ಬಲಗೈ ಎಡ ಮೊಣಕೈಯ ಆ ಅಚ್ಚನ್ನು ಮುಚ್ಚಿಕೊಂಡಿತ್ತು.

ಆಗ ನನಗೆ ತಡೆಯಲಾಗಲಿಲ್ಲ. ಬೇಲಿಗೆ ಒರಗಿಸಿದ್ದ ಮಂಕರಿ ಎತ್ತಿಕೊಂಡು ಶಾಲೆಯ ಹತ್ತಿರ ಹೋದೆ. ಕೂಗಳತೆಯ ದೂರ. ನಿಂತಿದ್ದ ಗೋಡೆಯ ಮೂಲೆಯನ್ನು ಕಲ್ಲಿನಿಂದ ಒಡೆದು ಒಂದು ಹೆಂಟೆ ಕಿತ್ತೆ. ಬಿದ್ದ ರಾಶಿಯಿಂದ ಇನ್ನೊಂದು, ತಲೆಗಾತ್ರದ್ದು, ಎತ್ತಿಕೊಂಡೆ. ಮಳೆಗೆ ಮೇಲ್ಮೈ ನೆನೆದಿದೆ ಎಂದು ಹೇಳಿಯಾರೆಂದು ರಾಶಿಯ ಅಡಿಯಿಂದ ಎಳೆದದ್ದು. ಮಂಕರಿ ಸೊಂಟದ ಮೇಲಿಟ್ಟುಕೊಂಡು ನೇರವಾಗಿ ಜಗುಲಿ ಹತ್ತಿದೆ.

"ಏಯ್, ಏನಮ್ಮ ಇದು, ಹೆಂಗಸ್ರು ಇಲ್ಲಿಗೆ..." ಎಂದು ಯಾರೋ ಎದ್ದರು.

"ಕೂತ್ಕೊಳಿ ಅಣ್ಣ. ಮಣ್ಣು ತುಳಿಯುವಾಗ ಎಲ್ಲಿದ್ದೀಯಮ್ಮ ಅಂತ ಹುಡುಕ್ತಿದ್ರಿ, ಈಗ ನಾನು ಹೆಂಗಸಾದ್ನಾ?" ಎಂದೆ.

ಮೊದಲನೆಯ ಹೆಂಟೆಯನ್ನು ಜಗುಲಿಯ ಅಂಚಿಗೆ ಬಡಿದೆ. ಒಡೆದು ಕೆಂಪನೆಯ ಒಣ ಪುಡಿ ಹಾರಿತು. "ಇದು ಕೆಳಗಿನ ಸುತ್ತು. ನಿಂತೈತೆ." ಎರಡನೆಯದನ್ನು ಬಡಿದೆ. ಅದು ಒಡೆಯಲೇ ಇಲ್ಲ, ಹಿಟ್ಟಿನ ಹಾಗೆ ಚಪ್ಪಟೆಯಾಯಿತು. ಕೈಯಲ್ಲಿ ಸೀಳಿದೆ, ಒಳಗೆ ಕಪ್ಪಗೆ ಹಸಿ. ಹುಲ್ಲಿನ ಎಸಳು ಇನ್ನೂ ಹಸಿರಾಗಿತ್ತು. "ಇದು ಮೇಲಿನ ಸುತ್ತು. ಬಿದ್ದೈತೆ. ಪಟೇಲಪ್ಪ, ಹೆಬ್ಬೆರಳು ಕೊಡಿ, ಒತ್ತಿ ನೋಡಿ."

ಪಟೇಲರು ಕೈ ಹಿಂದಕ್ಕೆ ಎಳೆದುಕೊಂಡರು. ಓವರ್ಸಿಯರನ ಹಾಳೆ ನನ್ನ ಮುಂದೆಯೇ ಹರಡಿತ್ತು. ಅದೆಲ್ಲ ಇಂಗ್ಲಿಷು, ಗೋಡೆಯ ಚೌಕ ಯಾವುದೆಂದು ನನಗೆ ಓದಲು ಬರುತ್ತಿರಲಿಲ್ಲ, ಎಣಿಸಲು ಬರುತ್ತಿತ್ತು. ನಾಲ್ಕನೆಯ ಚೌಕದ ಮೇಲೆ ಆ ಹಸಿ ಮಣ್ಣನ್ನು ಒತ್ತಿ ಇಟ್ಟೆ.

"ಅಯ್ಯಯ್ಯೋ, ಸರ್ಕಾರಿ ಪೇಪರ್!" ಎಂದು ಅವನು ಎಗರಿದ.

"ಒಣಗಲಿ ಬಿಡಿ ಸ್ವಾಮಿ. ನಾಕು ದಿನ ಬಿಟ್ರೆ ಉದುರಿ ಹೋಗುತ್ತೆ, ಅಲ್ವಾ?"

ಆಶಾರಿ ಮೂಲೆಯಲ್ಲಿ ಕೂತಿದ್ದವನು ಪಕ್ಕನೆ ನಕ್ಕುಬಿಟ್ಟ. ಮತ್ತೆ ಯಾರೂ ನಗಲಿಲ್ಲ.

ನಾನು ಪಟೇಲರಿಗೇ ಹೇಳಿದೆ: "ಏಳು ಸುತ್ತಿಗೂ ಮಣ್ಣು ತುಳಿದದ್ದು ಅವಳೇ. ಅದೇ ಕಾಲು, ಅದೇ ಬಾಯಿ. ಬಿದ್ದದ್ದು ನಾಕು, ನಿಂತದ್ದು ಮೂರು. ಅವಳ ಬಾಯಿಗೆ ಬೀಳೋದಾಗಿದ್ರೆ ಆ ಮೂರು ಯಾಕೆ ನಿಂತವು? ನೀವು ಕೂತಿರೋ ಈ ಮನೆ ಗೋಡೆ ಹಾಕಿದ್ದು ಯಾರು? ಅವಳಪ್ಪ. ಆಗ ಅವಳು ಹತ್ತು ವರ್ಷದವಳು, ಇದೇ ಮೂಲೇಲಿ ಉಗುರು ಒತ್ತಿ ಇನ್ನೂ ಬೇಡ ಅಂದಿರಬೇಕು. ಆ ಬಾಯಿ ನಂಬಿ ಕಾದ್ರಿ, ನಿಮ್ಮ ಮನೆ ನಿಂತೈತೆ. ಈಗ ಅದೇ ಬಾಯಿ ಕರಿನಾಲಿಗೆ ಆಯ್ತಾ? ಬೀಳುತ್ತೆ ಅಂದವಳನ್ನ ಊರು ಬಿಡಿಸ್ತೀರಿ. ಬೀಳೋ ಹಂಗೆ ಮಾಡಿದವರಿಗೆ ಕಾಫಿ ಕೊಡ್ತೀರಿ."

ಓವರ್ಸಿಯರನ ಪಕ್ಕದಲ್ಲಿ ಕಾಫಿ ಲೋಟ ಇತ್ತು. ಅವನು ಅದನ್ನು ಸ್ವಲ್ಪ ಆಚೆಗೆ ಸರಿಸಿದ.

"ಆಶಾರಿ, ನೀನಾದ್ರೂ ಹೇಳಪ್ಪ" ಎಂದೆ.

ಅವನು ಎದ್ದು ನಿಂತ. "ನಾನು ಅವತ್ತೇ ಹೇಳಿದ್ದೇನೆ ಅಕ್ಕ. ಆ ಅಮ್ಮ ಹೇಳಿದ್ದೂ ನಾನು ಹೇಳಿದ್ದೂ ಒಂದೇ ಮಾತು. ನನ್ನನ್ನು ಯಾರೂ ಊರಿಗೆ ಓಡಿಸಲಿಲ್ಲ, ನಾನೇ ಹೋಗ್ತೇನೆ ಅಂದ್ರೂ ಬಿಡಲಿಲ್ಲ."

ಇಷ್ಟಾದ ಮೇಲೆ ಪಟೇಲರು ತಪ್ಪಾಯಿತು ಎಂದರು ಎಂದುಕೊಂಡಿರೇ? ಹಾಗೆ ಹೇಳುವ ಬಾಯಿ ನಮ್ಮೂರಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವರು ನನ್ನ ಗಂಡನನ್ನು ನೋಡಿ, "ಹೆಂಡ್ತೀನ ಹದ್ದುಬಸ್ತಿನಲ್ಲಿಡಪ್ಪ" ಎಂದರು. "ನಾಳೆ ಗಾಡಿ ಹೊರಡಲಿ. ಹೊಸ ಗೋಡೆಗೆ ಹೆಂಗಸ್ರು ಮಣ್ಣು ತುಳಿಯೋದು ಬೇಡ. ಗಂಡಸರೇ ತುಳೀತಾರೆ." ಮೇಲಿನ ಧೂಳನ್ನು ಝಾಡಿಸಿಕೊಂಡು ಒಳಗೆ ಎದ್ದು ಹೋದರು. ಸಭೆ ಮುಗಿಯಿತು.

ಮನೆಗೆ ಬಂದರೆ ನನ್ನ ಗಂಡ ಗಾಡಿಯ ಹತ್ತಿರ ಹೋಗಿ ಅಚ್ಚಿಗೆ ಎಣ್ಣೆ ಹಾಕತೊಡಗಿದರು. ನಾದಿನಿ ಒಳಗೆ ಹೋಗಿ ಗಂಟು ಕಟ್ಟತೊಡಗಿದಳು. ಎರಡು ಸೀರೆ, ಒಂದು ಬಾಚಣಿಗೆ. ಅವಳಪ್ಪ ಗೋಡೆ ತಟ್ಟಿ ನಯ ಮಾಡುತ್ತಿದ್ದ ಹಲಗೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ ಒರೆಸಿ ನನ್ನ ಮುಂದಿಟ್ಟಳು.

"ಇದು ಇಲ್ಲೇ ಇರಲಿ ಅತ್ತಿಗೆ. ಅಲ್ಲಿ ಒಲೆಗೆ ಹಾಕ್ತಾರೆ."

ನನಗೆ ಅವಳ ಮೇಲೆಯೇ ಸಿಟ್ಟು ಬಂತು. "ನಿನ್ನ ಕೈ ಸುಟ್ಟಿದ್ದು ಸಾಲದಾ? ಹೋಗಲ್ಲ ಅಂತ ಬಾಯಿ ಬಿಟ್ಟು ಹೇಳಕ್ಕಾಗಲ್ವಾ ನಿಂಗೆ?"

"ಬಾಯಿ ಬಿಟ್ಟಿದ್ದಕ್ಕೇ ಅಲ್ವಾ ಅತ್ತಿಗೆ ಇದೆಲ್ಲ ಆಗಿದ್ದು. ಅವತ್ತು ನೀವೇ ಸುಮ್ಕಿರು ಅಂದ್ರಿ."

ಅವಳು ಕುಟುಕಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. ಹಲಗೆಯನ್ನು ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟೆ. ಗಂಡನಿಗೆ ಊಟ ಬಡಿಸುವಾಗ ಒಂದೇ ಮಾತು ಕೇಳಿದೆ: "ತಂಗಿ ಕೈ ಮೇಲಿನ ಬರೆ ನೋಡಿದೀರಾ?" ಅವರು ಮುದ್ದೆ ಮುರಿಯುತ್ತಾ, "ಊರು ಅಂದಮೇಲೆ..." ಎಂದರು.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ಹೊಳೆ ಬಿಟ್ಟು ಎದ್ದಿರಲಿಲ್ಲ. ನನ್ನ ಗಂಡ ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದರು. ನಾನು ಗಾಡಿಯ ಹತ್ತಿರ ಹೋಗಿ, ಚಕ್ರ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿಗಳನ್ನು, ಈ ಕಡೆಯದೊಂದು ಆ ಕಡೆಯದೊಂದು, ಕಲ್ಲಲ್ಲಿ ಬಡಿದು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಣ್ಣೆ ಹಾಕಿದ್ದರಿಂದ ಸಲೀಸಾಗಿ ಬಂದವು. ಬಾಗಿಲ ಹಿಂದಿನ ಹಲಗೆ ಎತ್ತಿಕೊಂಡೆ. ಗಂಟಿನ ಪಕ್ಕ ಕೂತಿದ್ದ ನಾದಿನಿಯ ರಟ್ಟೆ ಹಿಡಿದು ಎಬ್ಬಿಸಿ, ಹಲಗೆಯನ್ನು ಅವಳ ಕೈಗಿಟ್ಟು, ಶಾಲೆಯ ಹತ್ತಿರ ಕರೆದುಕೊಂಡು ಹೋದೆ. ಬಿದ್ದ ರಾಶಿಯಿಂದ ಮಣ್ಣನ್ನು ಗುದ್ದಲಿಯಲ್ಲಿ ಗುಂಡಿಗೆ ಎಳೆದೆ, ಎರಡು ಕೊಡ ನೀರು ಹೊಯ್ದೆ. ಎರಡೂ ಕಡಾಣಿಗಳನ್ನು ಅವಳಿಗೆ ತೋರಿಸಿ ಗುಂಡಿಯೊಳಗೆ ಎಸೆದೆ. ಸೀರೆ ಮೇಲೆತ್ತಿ ಕಟ್ಟಿ ಇಳಿದು, ಅವು ಅಡಿಗೆ ಹೋಗುವವರೆಗೆ ಹಿಮ್ಮಡಿಯಿಂದ ತುಳಿದೆ. ಪಟೇಲರು ಹಲ್ಲುಕಡ್ಡಿ ಕಚ್ಚಿಕೊಂಡು ಜಗುಲಿಗೆ ಬಂದು ನಿಂತದ್ದು ಕಂಡಿತು. ನಾನು ನಾದಿನಿಗೆ ಕೈ ಚಾಚಿ, ಅವರಿಗೂ ಕೇಳುವ ಹಾಗೆ, "ಇಳಿಯೇ. 'ಇನ್ನೂ ಹಸಿ ಐತೆ' ಅಂತ ಹೇಳೋಕೆ ಇಲ್ಲಿ ಒಬ್ಬಳು ಬೇಕು" ಎಂದೆ.